ಆರು ಪಟ್ಟಿನ ದುರ್ಬೀನು

ಟೂ ಹಿಲ್ಸ್, ಆಲ್ಬರ್ಟಾ
ಆಗಸ್ಟ್ 11, 2024, ಭಾನುವಾರ ಮಧ್ಯಾಹ್ನ

ಪ್ರೀತಿಯ ಲೆಸ್ಯಾ,

ಹೇಗಿದ್ದೀಯ ಮಗಳೇ? ಎಡ ಮೊಣಕಾಲಿನ ನೋವು ಈಗ ಹೇಗಿದೆ? ನೂರಡಿ ಎತ್ತರದ ಕಬ್ಬಿಣದ ಏಣಿ ಹತ್ತಿ ಇಳಿಯುವವಳಿಗೆ ಮೊಣಕಾಲು ನೋಯದೆ ಇನ್ನೇನು ಮೂಗು ನೋಯುತ್ತದೆಯೇ ಅಂತ ನಿಮ್ಮಪ್ಪ ಕೇಳುತ್ತಿದ್ದಾರೆ. ಕಾಡಿನ ನಡುವೆ ಒಬ್ಬಳೇ ಗೋಪುರದ ಮೇಲೆ ಕೂತು ಎಲ್ಲಿ ಹೊಗೆ ಏಳುತ್ತದೆ ಅಂತ ಮೇ ತಿಂಗಳಿಂದ ಸೆಪ್ಟೆಂಬರ್‌ವರೆಗೆ ನೋಡುವುದಕ್ಕೆ ಸರ್ಕಾರ ಸಂಬಳ ಕೊಡುತ್ತದೆ ಅನ್ನುವುದು, ಐದು ಬೇಸಿಗೆ ಕಳೆದರೂ ನನಗೆ ಪೂರ್ತಿ ನಂಬಿಕೆ ಬಂದಿಲ್ಲ. ಆ ಕರಡಿ ಮತ್ತೆ ಬಂದಿತ್ತೇ? ಬಂದರೆ ಕೆಳಗಿಳಿದು ಮಾತಾಡಿಸಲು ಹೋಗಬೇಡ, ನಿನಗೆ ಚಿಕ್ಕಂದಿನಿಂದಲೂ ಆ ಚಾಳಿ ಇದೆ. ಹೆಲಿಕಾಪ್ಟರಿನಲ್ಲಿ ಬರುವ ಪೆಟ್ಟಿಗೆಯಲ್ಲಿ ಹೊಲುಬ್ಸಿ ಇಟ್ಟಿದ್ದೇನೆ, ಎರಡು ಡಬ್ಬಿ, ಮಂಜುಗಡ್ಡೆಯ ಹಾಗೆ ಗಟ್ಟಿ ಮಾಡಿ. ಅನ್ನ ಮಾಂಸ ತುಂಬಿ ಸುತ್ತಿದ ಎಲೆಕೋಸು ನಮ್ಮ ಹಿತ್ತಲಿನದೇ. ಬೆಳ್ಳುಳ್ಳಿ ಸಾಸೇಜು ಒಂದು ಉದ್ದ, ಸಬ್ಬಸಿಗೆ ಹಾಕಿದ ಸೌತೆಕಾಯಿ ಉಪ್ಪಿನಕಾಯಿ ಒಂದು ಜಾಡಿ. ಜಾಡಿಯನ್ನು ನಿನ್ನ ಹಳೆಯ ಉಣ್ಣೆ ಅಂಗಿಯಲ್ಲಿ ಸುತ್ತಿದ್ದೇನೆ, ಒಡೆದರೆ ನನ್ನನ್ನು ಬೈಯಬೇಡ, ಪೈಲಟ್‌ನನ್ನು ಬೈ. ನಮ್ಮ ಆರೋಗ್ಯ ಅಂತ ಕೇಳಿದರೆ, ನನಗೆ ರಕ್ತದೊತ್ತಡ ಬಿಟ್ಟರೆ ಏನೂ ಇಲ್ಲ. ನಿಮ್ಮಪ್ಪನದು ಮುಂದೆ ಬರೆಯುತ್ತೇನೆ. ಅವರು ಎದುರಿಗೇ ಕೂತಿದ್ದಾರೆ, ಬಲಗೈಯನ್ನು ತೊಡೆಯ ಕೆಳಗೆ ಒತ್ತಿಕೊಂಡು. ಲಕೋಟೆ ಅಂಟಿಸುವ ಮುಂಚೆ ಪೂರ್ತಿ ಓದಿ ಹೇಳಬೇಕಂತೆ. ಓದುತ್ತೇನೆ ಅಂದಿದ್ದೇನೆ. ನನಗೆ ಬೇಡವಾದ ಸಾಲುಗಳನ್ನು ಹಾರಿಸಿ ಓದುವುದು ಬರುತ್ತದೆ, ಅವರಿಗೆ ಅದು ಗೊತ್ತಿಲ್ಲ.

ನಿನ್ನ ಜುಲೈ ಕಾಗದ ಬಂತು. ನಾಲ್ಕು ಪುಟದ ಕಾಗದದಲ್ಲಿ ಮೂರು ಪುಟ ದುರ್ಬೀನಿನ ವಿಷಯ, ಅಮ್ಮನ ವಿಷಯ ಒಂದೂವರೆ ಸಾಲು. ಇರಲಿ, ಕೇಳಿದವಳು ನಾನೇ ತಾನೆ. ಬೆಳಗಿನಿಂದ ಸಂಜೆಯವರೆಗೆ ದುರ್ಬೀನು ಕಣ್ಣಿಗೆ ಒತ್ತಿಕೊಂಡು ಕೂರುವವಳು ನೀನು, ನಿನ್ನ ಮಾತು ಬಿಟ್ಟರೆ ಬೇರೆಯವರ ಮಾತನ್ನು ನಿಮ್ಮಪ್ಪ ಕಿವಿಗೆ ಹಾಕಿಕೊಳ್ಳುವುದಿಲ್ಲ. ನಾನೂ ಈ ಬೇಸಿಗೆಯಲ್ಲಿ ಎಷ್ಟು ಕಲಿತೆ ಅಂದರೆ ಕೇಳದವರಿಗೂ ಹೇಳುವಷ್ಟು. ಅರವತ್ತು ಮೀಟರ್ ದೂರದ ಗುರಿಯಲ್ಲಿ ಬಾಣ ಎಲ್ಲಿ ಕೂತಿತು ಅಂತ ಬರಿಗಣ್ಣಿಗೆ ಕಾಣುವುದಿಲ್ಲ. ಕಂಡರೆ ತಾನೆ ಬಿಲ್ಲಿನ ಮೇಲಿನ ಗುರಿಸೂಜಿಯನ್ನು ಆ ಕಡೆಗೆ ಕೂದಲಷ್ಟು ಸರಿಸಿ ಮುಂದಿನ ಬಾಣ ಸರಿಯಾಗಿ ಬಿಡುವುದು. ನಲವತ್ತು ವರ್ಷ ಈ ಮನುಷ್ಯನ ಜೊತೆ ಬಾಳಿದರೂ ನನಗೆ ಇದು ಗೊತ್ತಿರಲಿಲ್ಲ. ನೀನು ಇಲ್ಲಿದ್ದಾಗ ಭಾನುವಾರ ಬಿಲ್ಲುಗಾರರ ಕ್ಲಬ್ಬಿನ ಬಯಲಲ್ಲಿ ನಾನು ಕಾರಿನಲ್ಲಿ ಕೂತು ಸ್ವೆಟರ್ ಹೆಣೆಯುತ್ತಿದ್ದೆ, ನೀನು ಅವರ ಬೆನ್ನ ಹಿಂದೆ ನಿಂತು "ಕೆಂಪು, ನಾಲ್ಕು ಗಂಟೆ" ಅಂತ ಕೂಗುತ್ತಿದ್ದೆ. ನಾಲ್ಕು ಗಂಟೆಗೆ ಇವರಿಗೇನು ಕೆಲಸ ಅಂತ ನಾನು ಎಷ್ಟೋ ಸಲ ಯೋಚಿಸಿದ್ದುಂಟು. ಗುರಿಯನ್ನು ಗಡಿಯಾರದ ಮುಖ ಅಂದುಕೊಳ್ಳಬೇಕು, ಬಣ್ಣ ಅಂದರೆ ಅದರ ಮೇಲಿನ ಬಳೆಗಳು, ನಡುವಿನ ಹಳದಿಯಿಂದ ಅಂಚಿನ ಬಿಳಿಯವರೆಗೆ, ಅಂತ ಈಗ ತಿಳಿಯಿತು.

ಮೊದಲು ತಂದದ್ದು ಹನ್ನೆರಡು ಪಟ್ಟಿನದು, ಅಂದರೆ ಹನ್ನೆರಡು ಪಟ್ಟು ಹತ್ತಿರ ತೋರಿಸುವಂಥದು. ನಿಮ್ಮಪ್ಪನ ಬಿಲ್ಲಿನ ಜೊತೆಗಾರ ವಾಸಿಲ್ ಯಾರದೋ ಗ್ಯಾರೇಜ್ ಮಾರಾಟದಲ್ಲಿ ಅಗ್ಗಕ್ಕೆ ಹೊಡೆದುಕೊಂಡು ಬಂದ. ಒಂದೊಂದು ನಳಿಗೆಯೂ ಹಾಲಿನ ಬಾಟಲಿಯಷ್ಟು. "ಓರೆಸ್ಟ್, ಇದ್ರಲ್ಲಿ ನೋಡಿದ್ರೆ ಬಾಣ ಅಷ್ಟೇ ಅಲ್ಲ ಕಣೋ, ಬಾಣ ಮಾಡಿದೋನ ಮನೆ ಅಡ್ರೆಸ್ಸೂ ಕಾಣ್ಸುತ್ತೆ" ಅಂದ. ನಿಮ್ಮಪ್ಪ ಕಣ್ಣಿಗೆ ಇಟ್ಟುಕೊಂಡರು. "ಒಳಗಿನ ಗಾಜು ಸಡಿಲ ಆಗಿದೆ, ಗುರಿ ಕುಣೀತಿದೆ" ಅಂದರು. ವಾಸಿಲ್ ಈಸಿಕೊಂಡು ನೋಡಿದ. ಅವನಿಗೆ ಕುಣಿಯಲಿಲ್ಲ. ಆದರೂ ಆ ಪುಣ್ಯಾತ್ಮ, "ಹೌದು ಮಾರಾಯ, ಸಡಿಲ ಆಗಿದೆ" ಅಂದ. ನಾನು ಕಾರಿನ ಛಾವಣಿಗೆ ಮೊಣಕೈ ಊರಿ ನೋಡಿದೆ, ಗುರಿ ಕಲ್ಲಿನ ಹಾಗೆ ನಿಂತಿತ್ತು, ಅದರ ಮೇಲೆ ಕೂತ ಮಿಡತೆಯೂ ಕಂಡಿತು. ಆ ದುರ್ಬೀನು ಈಗ ನನ್ನ ಹತ್ತಿರವೇ ಇದೆ. (ಈ ನಾಲ್ಕು ಸಾಲು ಓದಿ ಹೇಳುವುದಿಲ್ಲ.)

ಆಮೇಲೆ ವೆಗ್ರೆವಿಲ್‌ನ ಬಿಲ್ಲಿನ ಅಂಗಡಿಗೆ ಹೋಗುವುದು ಬರುವುದು ಶುರುವಾಯಿತು. ಲೆನ್ ಒಳ್ಳೆಯವನು, ಅಂಗಡಿಯವನ ಮಟ್ಟಿಗೆ. ಎರಡು ತಿಂಗಳೊಳಗೆ ಸರಿಹೋಗದಿದ್ದರೆ ವಾಪಸ್ ತನ್ನಿ ಅನ್ನುತ್ತಾನೆ, ತಂದರೆ ಮುಖ ಗಂಟು ಹಾಕುವುದಿಲ್ಲ. ಇನ್ನೂರು ಡಾಲರ್ ದಾಟಬಾರದು ಅನ್ನುವುದು ನಿಮ್ಮಪ್ಪನ ಕಾನೂನು. ಮೊದಲು ಹತ್ತು ಪಟ್ಟಿನದು ತಂದೆವು. ನೀನು ಬರೆದ ಹಾಗೆ ಕೊಟ್ಟಿಗೆಯ ಗೋಡೆಗೆ ಬೀಜದ ಅಂಗಡಿಯ ಕ್ಯಾಟಲಾಗ್ ಅಂಟಿಸಿ ಅರವತ್ತು ಮೀಟರ್ ಅಳೆದು ನಿಂತು ನೋಡಿದೆವು. ನಾನು ಮೂಲಂಗಿಯ ಹೆಸರು ಓದಿದೆ. ನಿಮ್ಮಪ್ಪ "ಅಕ್ಷರ ಎಲ್ಲಾ ಒಂದ್ರ ಮೇಲೊಂದು ಬಿದ್ದಿದೆ, ಜೋಡ್ಸೋವಾಗ ಕುಡಿದಿದ್ರು ಅನ್ಸುತ್ತೆ" ಅಂದರು. ಮೊಣಕೈಯನ್ನು ಪಕ್ಕೆಗೆ ಒತ್ತಿ ಹಿಡಿ ಅಂತ ನೀನು ಬರೆದಿದ್ದೆ, ಒತ್ತಿ ಹಿಡಿದರು. ದುರ್ಬೀನಿನ ಜೊತೆಗೇ ಟೋಪಿಯ ಅಂಚನ್ನೂ ಬೆರಳಲ್ಲಿ ಹಿಡಿ, ಆಗ ತಲೆ ಆಧಾರ ಕೊಡುತ್ತದೆ ಅಂದಿದ್ದೆ, ಹಿಡಿದರು. ಈಗ ಟೋಪಿಯೂ ನಡುಗಿತು. ನನಗೆ ನಗು ಬಂತು, ನಕ್ಕುಬಿಟ್ಟೆ, ಅವರೂ ನಕ್ಕರು. ಆಮೇಲೆ ನಾನು ಒಳಗೆ ಹೋಗಿ ಆಲೂಗಡ್ಡೆ ಸುಲಿಯುತ್ತಾ ಅತ್ತೆ.

ಹತ್ತು ವಾಪಸ್ ಹೋಯಿತು, ಎಂಟು ಬಂತು. ಎಂಟೇ ಬಿಲ್ಲಿನವರಿಗೆ ಹೇಳಿ ಮಾಡಿಸಿದ್ದು ಅಂತ ನೀನೂ ಬರೆದಿದ್ದೆ, ಲೆನ್‌ನೂ ಹೇಳಿದ. ಒಂದು ಕೈಯಲ್ಲಿ ಬಿಲ್ಲಿದ್ದರೂ ಇನ್ನೊಂದು ಕೈಯಲ್ಲೇ ಹಿಡಿಯಬಹುದು, ಬೆಳಕು ಚೆನ್ನಾಗಿ ಬರುತ್ತದೆ, ಕನ್ನಡಕ ತೆಗೆಯಬೇಕಿಲ್ಲ, ಬೆಲೆಯೂ ನಮ್ಮ ಮಿತಿಯೊಳಗೆ. ಅದೂ ಕುಣಿಯಿತು. ಆಮೇಲೆ ದೋಣಿಯವರು ಇಟ್ಟುಕೊಳ್ಳುವ ಏಳು ಪಟ್ಟಿನದು ಕೊಟ್ಟ, ಅಲೆಯ ಮೇಲೆ ನಿಂತು ನೋಡುವವರಿಗೆ ಮಾಡಿದ್ದಂತೆ. ಅದರ ತೂಕಕ್ಕೆ ನಿಮ್ಮಪ್ಪನ ಕೈ ಇನ್ನೂ ಬೇಗ ಸೋತಿತು. ನಮ್ಮೂರಲ್ಲಿ ಕೆರೆಯೇ ಇಲ್ಲ, ದೋಣಿಯ ದುರ್ಬೀನು ಯಾವ ಸಂಭ್ರಮಕ್ಕೆ ಅಂತ ವಾಸಿಲ್ ರೇಗಿಸಿದ. ಲೆನ್ ನನ್ನನ್ನು ಅಂಗಡಿಯ ಮೂಲೆಗೆ ಕರೆದು ಮೆಲ್ಲಗೆ ಹೇಳಿದ: "ಅಮ್ಮಾ, ದುರ್ಬೀನು ಗುರೀನ ಎಷ್ಟು ಹತ್ರ ತೋರಿಸುತ್ತೋ, ಹಿಡ್ಕೊಂಡಿರೋ ಕೈನೂ ಅಷ್ಟೇ ದೊಡ್ದಾಗಿ ತೋರಿಸುತ್ತೆ." ನನಗೆ ಅದು ಮೊದಲೇ ಗೊತ್ತಿತ್ತು. ಆದರೂ ಇನ್ನೊಬ್ಬರ ಬಾಯಿಂದ ಕೇಳಿದಾಗ ಅಲ್ಲೇ ಬಾಣದ ಪೆಟ್ಟಿಗೆಯ ಮೇಲೆ ಕೂತುಬಿಟ್ಟೆ.

ಮುಕ್ಕಾಲಿಯ ಮೇಲಿನ ದೂರದರ್ಶಕ ಯಾಕಾಗಬಾರದು ಅಂತ ನೀನು ಕೇಳಿದ್ದೆ. ವಾಸಿಲ್‌ನ ಹತ್ತಿರ ಇದೆ, ಬಾಣ ಬಿಡುವವರು ನಿಲ್ಲುವ ಸಾಲಿನಲ್ಲಿ ನಿಲ್ಲಿಸಿಯೂ ಕೊಟ್ಟ. ನಿಮ್ಮಪ್ಪ ಮೊದಲು "ಮೂರು ಕಾಲು ಬೇಕಾಗೋದು ಮುದುಕ್ರಿಗೆ" ಅಂತ ಹಟ ಮಾಡಿದರು. ಅವರಿಗೆ ಅರವತ್ತೊಂಬತ್ತು, ಮುದುಕರು ಯಾರೋ ನನಗೆ ತಿಳಿಯಲಿಲ್ಲ. ಕೊನೆಗೆ ಒಂದು ದಿನ ಬಗ್ಗಿದರು. ಬಗ್ಗಿದವರಿಗೆ ಸರಿಯಾಗಿ ನಿಲ್ಲಲಾಗದೆ ಕೈ ಮುಕ್ಕಾಲಿಗೆ ತಗಲಿತು, ಇಡೀ ಯಂತ್ರ ಪಕ್ಕದ ಹೊಲದ ಹಸುವಿನ ಕಡೆ ತಿರುಗಿತು. "ಹಸು, ಒಂಬತ್ತು ಗಂಟೆ" ಅಂದರು. ಸಾಲಿನಲ್ಲಿದ್ದ ನಾಲ್ಕೂ ಜನ ನಕ್ಕರು. ಮತ್ತೆ ಅದರ ಹತ್ತಿರ ಹೋಗಲಿಲ್ಲ. ಬ್ಯಾಟರಿ ಹಾಕಿದರೆ ಒಳಗಿನ ಗಾಜೇ ನಡುಕವನ್ನು ತಡೆಯುವ ದುರ್ಬೀನೂ ಇದೆಯಂತಲ್ಲ, ಲೆನ್ ಚಿತ್ರ ತೋರಿಸಿದ. ಬೆಲೆ ಕೇಳಿ ನಿಮ್ಮಪ್ಪ, ಅಷ್ಟು ಕೊಟ್ಟರೆ ಅದು ಬಾಣವನ್ನೂ ತಾನೇ ಬಿಡುತ್ತದೆಯೇ ಅಂತ ಕೇಳಿ ಎದ್ದು ಬಂದರು. ನಿನ್ನ ಗೋಪುರದಲ್ಲಿ ಸರ್ಕಾರದ್ದು ಅಂಥದ್ದೊಂದು ಇದ್ದರೆ, ಅದು ನಿಜವಾಗಿ ಕೆಲಸ ಮಾಡುತ್ತದೆಯೇ ಅಂತ ಬರಿ. ಅಜ್ಜಿಯ ಅಕಾರ್ಡಿಯನ್ ಅಟ್ಟದ ಮೇಲೆ ಸುಮ್ಮನೆ ಬಿದ್ದಿದೆ, ಅದನ್ನು ಕೊಳ್ಳುವವರು ಇದ್ದಾರೆ.

ಕಾಯಿಲೆಯ ವಿಷಯ ಮುಚ್ಚಿಡುವುದೇನಿದೆ. ಎಡ್ಮಂಟನ್‌ನ ಡಾಕ್ಟರು ವಸಂತದಲ್ಲಿ ಹೇಳಿದ ಹೆಸರೇ, ಪಾರ್ಕಿನ್ಸನ್. ಮಾತ್ರೆ ಹೆಚ್ಚಿಸಿದ್ದಾರೆ. ವಾಸಿಯಾಗುವುದಿಲ್ಲ, ನಿಧಾನ ಮಾಡಬಹುದು ಅಂತ ಮಾತ್ರ ಹೇಳುತ್ತಾರೆ, ಅದನ್ನೂ ನಮ್ಮ ಮುಖ ನೋಡದೆ ಹೇಳುತ್ತಾರೆ. ಮೊದಲು ಬಲಗೈ ಮಾತ್ರ ನಡುಗುತ್ತಿತ್ತು, ಈಗ ಎಡಗೈಯೂ ಸೇರಿಕೊಂಡಿದೆ. ನಡೆಯುವಾಗ ಬಾಗಿಲ ಹೊಸ್ತಿಲಲ್ಲಿ ಕಾಲು ಅಂಟಿಕೊಂಡ ಹಾಗೆ ನಿಂತುಬಿಡುತ್ತಾರೆ. ಬೀಟ್‌ರೂಟಿನ ಬೋರ್ಶ್ಟ್ ಸಾರು ಕುಡಿಯುವಾಗ ಚಮಚ ಬಾಯಿಗೆ ಬರುವಷ್ಟರಲ್ಲಿ ಅರ್ಧ ಖಾಲಿ, ಅದಕ್ಕೇ ಈಗ ಲೋಟದಲ್ಲಿ ಕೊಡುತ್ತೇನೆ. "ಲೋಟದಲ್ಲಿ ಕುಡ್ಯೋಕೆ ನಾನೇನು ಮಗುನಾ" ಅಂತ ಮೊದಲ ದಿನ ಕೂಗಿದರು, ಎರಡನೆಯ ದಿನ ಕುಡಿದರು. ಎರಡನೆಯ ದಿನವೂ ಕೂಗಿದ್ದರೆ ನನಗೆ ಎಷ್ಟೋ ಸಮಾಧಾನವಾಗುತ್ತಿತ್ತು.

ಆದರೆ ಬಿಲ್ಲು ಹಿಡಿದಾಗ ನೀನು ನೋಡಬೇಕು ಲೆಸ್ಯಾ. ಡಾಕ್ಟರನ್ನು ಕೇಳಿದೆ, ಈ ಕಾಯಿಲೆಯಲ್ಲಿ ಹಾಗೂ ಉಂಟಂತೆ, ಸುಮ್ಮನಿದ್ದರೆ ನಡುಗುವ ಕೈ ಕೆಲಸಕ್ಕೆ ಹತ್ತಿದರೆ ಸ್ವಲ್ಪ ಹೊತ್ತು ನಿಲ್ಲುತ್ತದಂತೆ. ಸಾಲಿಗೆ ಬಂದು ನಿಲ್ಲುವವರೆಗೆ ಕೈ ನಡುಗುತ್ತಿರುತ್ತದೆ. ಬಾಣವನ್ನು ಹೆದೆಗೆ ಸಿಕ್ಕಿಸಲು ಎರಡು ಮೂರು ಸಲ ತಡಕಾಡುತ್ತಾರೆ. ಆಮೇಲೆ ಎಳೆಯಲು ಶುರು ಮಾಡಿದರೆ, ಹೆದೆ ಗಲ್ಲಕ್ಕೆ ಬರುವಷ್ಟರಲ್ಲಿ, ಎರಡೂ ಕೈ ಸ್ತಬ್ಧ. ಹಳೆಯ ಓರೆಸ್ಟ್. ಇಗರ್ಜಿಯ ಅಂಗಳದ ಕುಣಿತದಲ್ಲಿ ನನ್ನನ್ನು ಎತ್ತಿ ತಿರುಗಿಸಿದ ಕೈ. ಉಸಿರು ಎಳೆದು ಬಿಡುವಷ್ಟು ಹೊತ್ತು, ಅಷ್ಟೇ. ಬಾಣ ಹೋದ ಮೇಲೆ ಮತ್ತೆ ನಡುಕ ವಾಪಸ್ ಬರುತ್ತದೆ. ಇಡೀ ವಾರದಲ್ಲಿ ಆ ಕೈ ಸುಮ್ಮನಿರುವುದು ಭಾನುವಾರ, ಬಿಲ್ಲು ಎಳೆದಾಗ ಮಾತ್ರ. ನಿದ್ದೆಯಲ್ಲೂ ಸುಮ್ಮನಿರುತ್ತದೆ, ಆದರೆ ಅದನ್ನು ಅವರು ನೋಡುವುದಿಲ್ಲ, ನಾನು ನೋಡುತ್ತೇನೆ. ನಲವತ್ತು ವರ್ಷ ಈ ಬಿಲ್ಲನ್ನು ಸವತಿ ಅಂತ ಬೈದವಳು ನಾನು. ಈಗ ಶನಿವಾರ ರಾತ್ರಿ ನಾನೇ ಹೆದೆಗೆ ಮೇಣ ಹಚ್ಚಿ ಇಡುತ್ತೇನೆ.

ನಿನ್ನ ಜಾಗದಲ್ಲಿ ನಾನೂ ಒಂದು ಭಾನುವಾರ ನಿಂತೆ. ಅದನ್ನು ಊರಿಗೆಲ್ಲ ಹೇಳಿ ಆಗಿದೆ, ನಿನಗೂ ಹೇಳಿಬಿಡುತ್ತೇನೆ. ನಿಮ್ಮಪ್ಪ ಚಳಿಗಾಲದಲ್ಲಿ ಬಾಣಗಳಿಗೆ ಹೊಸ ಗರಿ ಅಂಟಿಸಿದರಲ್ಲ, ಕಿತ್ತಳೆ ಬಣ್ಣದ್ದು. ಒಂದು ದೊಡ್ಡ ಪೊಟ್ಟಣ ಕೊಂಡರೆ ಅಗ್ಗ ಅಂತ ವಾಸಿಲ್ ಕೊಂಡು ಇಬ್ಬರೂ ಅರ್ಧರ್ಧ ಹಂಚಿಕೊಂಡಿದ್ದರು. ಇಬ್ಬರೂ ಒಂದೇ ಗುರಿಗೆ ಬಿಡುತ್ತಿದ್ದರು. ನಾನು ದುರ್ಬೀನಿನಲ್ಲಿ ಕಿತ್ತಳೆ ಗರಿ ನೋಡಿದೆ, ಗಂಟಲು ಸರಿಮಾಡಿಕೊಂಡು, "ಕಪ್ಪು, ಏಳು ಗಂಟೆ!" ಅಂತ ಇಗರ್ಜಿಯಲ್ಲಿ ಹಾಡುವ ಹಾಗೆ ಕೂಗಿದೆ. ನಿಮ್ಮಪ್ಪ ಹುಬ್ಬೇರಿಸಿದರು, ಆದರೂ ನನ್ನ ಮಾತು ನಂಬಿ ಗುರಿಸೂಜಿಯನ್ನು ಸರಿಸಿದರು. ಮತ್ತೆ ಏಳು ಗಂಟೆ ಅಂದೆ, ಮತ್ತೆ ಸರಿಸಿದರು. ಮೂರನೆಯ ಬಾಣ ಗುರಿಯ ಮೇಲಿಂದ ಹಾರಿ, ಮಣ್ಣಿನ ದಿಬ್ಬ ದಾಟಿ, ಆಚೆಯ ಕನೋಲಾ ಹೊಲಕ್ಕೆ ಬಿತ್ತು. ನಾನು ಅಷ್ಟು ಹೊತ್ತೂ ನೋಡಿ ಕೂಗುತ್ತಿದ್ದದ್ದು ವಾಸಿಲ್‌ನ ಬಾಣ. ನಿಮ್ಮಪ್ಪನದು ಮೊದಲಿನಿಂದಲೂ ಹಳದಿಯಲ್ಲೇ ಇತ್ತು, ನಟ್ಟನಡುವೆ. "ಸ್ಟೆಫಾ, ನನ್ನ ಹೆಂಡ್ತಿ ನೀನು, ವಾಸಿಲ್‌ನ ಬಾಣ ಯಾಕೆ ನೋಡ್ತಿದ್ದೀಯ?" ಅಂದರು. ಸಾಲಿನವರು ಬಿದ್ದು ಬಿದ್ದು ನಕ್ಕರು, ವಾಸಿಲ್ ಮುಖ ಬೀಟ್‌ರೂಟ್ ಆಯಿತು. ಬೈಯಲಿಲ್ಲ ನಿಮ್ಮಪ್ಪ. ಆದರೆ ಮನೆಗೆ ಬರುವಾಗ ಕಾರಿನಲ್ಲಿ, ಕಿಟಕಿಯ ಹೊರಗೆ ನೋಡುತ್ತಾ, "ಲೆಸ್ಯಾ ಇದ್ದಿದ್ರೆ" ಅಂದರು.

ಅದಕ್ಕೇ ಕೊನೆಗೆ ಈ ಆರು ಪಟ್ಟಿನದು. ಲೆನ್ ಕಪಾಟಿನ ಹಿಂದಿನಿಂದ ಧೂಳು ಒರೆಸಿ ತೆಗೆದ. ಅಂಗೈಯಲ್ಲಿ ಕೂರುತ್ತದೆ, ಹಗುರ, ಬೆಲೆಯೂ ಎಲ್ಲಕ್ಕಿಂತ ಕಡಿಮೆ. ಕಣ್ಣಿನ ಕಡೆಗೊಂದು ಜೊತೆ, ಮುಂದಿನ ಗಾಜಿಗೊಂದು ಜೊತೆ ಕರಿ ಮುಚ್ಚಳವೂ ಕೊಟ್ಟ. ಇದಕ್ಕಿಂತ ಕೆಳಗೆ ಇನ್ನು ನಾಟಕ ನೋಡುವವರ ದುರ್ಬೀನು ಮಾತ್ರ ಇರುವುದು ಅಂತ ಹೇಳಿಯೇ ಕೊಟ್ಟ. ಅರವತ್ತು ಮೀಟರ್‌ಗೆ ಆರು ಪಟ್ಟು ಸಾಲದು ಅಂತ ನೀನು ಹೇಳುತ್ತೀಯ, ನನಗೆ ಗೊತ್ತು. ಆದರೆ ನಿಮ್ಮಪ್ಪ ಇದನ್ನು ಕೊರಳಿಗೆ ಹಾಕಿಕೊಂಡ ಮೇಲೆ ಗಾಜಿನ ಮೇಲೆ ದೂರುವುದನ್ನು ನಿಲ್ಲಿಸಿದ್ದಾರೆ. ಬಾಣ ಬಿಡುತ್ತಾರೆ, ದುರ್ಬೀನು ಎತ್ತುತ್ತಾರೆ, ನೋಡುತ್ತಾರೆ, "ಕೆಂಪು, ಎರಡು ಗಂಟೆ" ಅಂತ ತಮಗೆ ತಾವೇ ಹೇಳಿಕೊಳ್ಳುತ್ತಾರೆ, ಸೂಜಿ ಸರಿಸುತ್ತಾರೆ. ಯಾರ ಹಂಗೂ ಇಲ್ಲ. ಕಳೆದ ವಾರವೂ ಇವತ್ತು ಬೆಳಗ್ಗೆಯೂ ಹಳದಿಯ ಮೇಲೆ ಹಳದಿ. "ಮೊದ್ಲೇ ಇದನ್ನ ಕೊಟ್ಟಿದ್ರೆ ಇಷ್ಟು ಓಡಾಟ ಇರ್ತಿರ್ಲಿಲ್ಲ, ಲೆನ್‌ಗೆ ವ್ಯಾಪಾರ ಬರಲ್ಲ" ಅಂತ ಎದುರಿಗೆ ಕೂತು ಹೇಳುತ್ತಿದ್ದಾರೆ, ಬರಿ ಅಂತಲೂ ಹೇಳುತ್ತಿದ್ದಾರೆ, ಬರೆದೆ. ಇದನ್ನೇ ಇಟ್ಟುಕೊಳ್ಳೋಣವೇ, ಅಥವಾ ವಾಪಸ್ ಕೊಟ್ಟು ಬ್ಯಾಟರಿಯದಕ್ಕೆ ಕೈ ಹಾಕೋಣವೇ, ನಿನ್ನ ಅಭಿಪ್ರಾಯ ತಿಳಿಸು.

ಸೆಪ್ಟೆಂಬರ್ ಕೊನೆಯ ಭಾನುವಾರ ಕ್ಲಬ್ಬಿನ ವರ್ಷದ ಕೊನೆಯ ಸುತ್ತು. ಆಮೇಲೆ ಹಿಮ, ಗುರಿಗಳನ್ನೆಲ್ಲ ಶೆಡ್ಡಿಗೆ ಎಳೆದು ಹಾಕುತ್ತಾರೆ. ಅಷ್ಟರೊಳಗೆ ನಿನ್ನನ್ನು ಗೋಪುರದಿಂದ ಇಳಿಸುತ್ತಾರೆ ಅಂತ ನಿಮ್ಮಪ್ಪ ಲೆಕ್ಕ ಹಾಕಿ, ನನ್ನ ಮಗಳು ಬರುತ್ತಾಳೆ ಅಂತ ಎಲ್ಲರಿಗೂ ಹೇಳಿಬಿಟ್ಟಿದ್ದಾರೆ. ಕಾಡು ಒಣಗಿದ್ದರೆ ನಿನ್ನನ್ನು ಬಿಡುವುದಿಲ್ಲ ಅಂತ ನಾನು ಹೇಳಿ ನೋಡಿದೆ. ಅದಕ್ಕೆ ಈಗ ದಿನಾ ರೇಡಿಯೋದಲ್ಲಿ ನಿನ್ನ ಕಡೆಯ ಹವಾಮಾನ ಕೇಳುತ್ತಾರೆ, ಮಳೆ ಅಂದರೆ ಖುಷಿ. ಮುಂದಿನ ವರ್ಷದ ಮಾತು ಈ ಮನೆಯಲ್ಲಿ ಯಾರೂ ಆಡುವುದಿಲ್ಲ. ಹಿತ್ತಲಿಗೆ ಬೆಳ್ಳುಳ್ಳಿ ಹಾಕುವ ವಿಷಯದಲ್ಲೂ ಆಡುವುದಿಲ್ಲ. (ಇದನ್ನೂ ಓದುವುದಿಲ್ಲ.)

ಪೆಟ್ಟಿಗೆಯನ್ನು ಅರಣ್ಯ ಇಲಾಖೆಯವರಿಗೆ ತಲುಪಿಸಲು ವಾಸಿಲ್ ಹೊರಟಿದ್ದಾನೆ, ಅವನಿಗೆ ಆ ಕಡೆಯೇ ಏನೋ ಕೆಲಸ ಇದೆಯಂತೆ. ನಿಮ್ಮಪ್ಪ ನಿನಗೆ ಪ್ರೀತಿ ತಿಳಿಸುತ್ತಾರೆ, ಬಾಯಿ ಬಿಟ್ಟು ಹೇಳಲಿಲ್ಲ, ಮೇಜಿನ ಮೇಲಿದ್ದ ಸಾಸೇಜಿನ ತಮ್ಮ ಪಾಲನ್ನೂ ನಿನ್ನ ಪೆಟ್ಟಿಗೆಗೆ ಹಾಕಿಸಿದರು. ದೇವಮಾತೆ ನಿನ್ನ ಏಣಿಯ ಒಂದೊಂದು ಮೆಟ್ಟಿಲನ್ನೂ ಕಾಯಲಿ, ಸಿಡಿಲು ನಿನ್ನ ಗೋಪುರ ಬಿಟ್ಟು ಬೇರೆ ಎಲ್ಲಾದರೂ ಬೀಳಲಿ. ಹೊಟ್ಟೆ ತುಂಬ ತಿನ್ನು, ತಲೆ ಬಾಚಿಕೋ.

ನಿನ್ನ ಅಮ್ಮ,
ಸ್ಟೆಫಾ

ಮರೆತ ಮಾತು: ಮರೆತಿರಲಿಲ್ಲ, ಅವರ ಎದುರು ಬರೆಯಲಾಗಲಿಲ್ಲ. ಓದಿ ಹೇಳಿ ಆಯಿತು. "ಚೆನ್ನಾಗಿದೆ, ಹಸು ವಿಷ್ಯ ಬೇಕಿರ್ಲಿಲ್ಲ" ಅಂದು ಬಚ್ಚಲಿಗೆ ಹೋಗಿದ್ದಾರೆ. ವಾಸಿಲ್ ಹೊರಗೆ ಟ್ರಕ್ಕಿನ ಹಾರ್ನ್ ಹೊಡೆಯುತ್ತಿದ್ದಾನೆ, ಲಕೋಟೆಯನ್ನು ಮತ್ತೆ ಕಿತ್ತು ಬರೆಯುತ್ತಿದ್ದೇನೆ, ಅಕ್ಷರ ಕೆಟ್ಟದಾದರೆ ಕ್ಷಮಿಸು. ದುರ್ಬೀನು ಯಾವುದು ಅಂತ ನೀನು ತಲೆ ಕೆಡಿಸಿಕೊಳ್ಳಬೇಡ, ಯಾವುದೂ ಬೇಡ. ಆರು ಪಟ್ಟಿನದರಲ್ಲಿ ಅವರು ನೋಡುತ್ತಿಲ್ಲ. ಜುಲೈಯಲ್ಲಿ ಒಂದು ಭಾನುವಾರ ನೀರು ಕೊಡಲು ಮುಂದಕ್ಕೆ ಹೋದವಳು ಕಂಡೆ, ಮುಂದಿನ ಗಾಜಿನ ಮೇಲೆ ಎರಡೂ ಕರಿ ಮುಚ್ಚಳ ಹಾಗೇ ಇವೆ. ಕಣ್ಣಿಗೆ ಒತ್ತಿ ಹಿಡಿದು, ನಿಧಾನವಾಗಿ ನೋಡಿ, "ನೀಲಿ, ಐದು ಗಂಟೆ" ಅಂದರು. ಮರೆತಿದ್ದಾರೆ ಅಂದುಕೊಂಡು ಮನೆಗೆ ಬಂದು ಮುಚ್ಚಳಗಳನ್ನು ತೆಗೆದು ಮೇಜಿನ ಡ್ರಾಯರಿನಲ್ಲಿ ಹಾಕಿದೆ. ಮುಂದಿನ ಭಾನುವಾರ ಹುಡುಕಿ ತೆಗೆದು ಮತ್ತೆ ಹಾಕಿಕೊಂಡು ಬಂದಿದ್ದರು. ಕುಣಿಯುವ ಗುರಿಯನ್ನು ನೋಡುವುದಕ್ಕಿಂತ ಕತ್ತಲೆ ನೋಡುವುದು ಅವರಿಗೆ ಹಿತ ಇರಬೇಕು. ನಾನು ಕಾರಿನ ಹತ್ತಿರ ನಿಂತು ಹನ್ನೆರಡು ಪಟ್ಟಿನದರಲ್ಲಿ ನೋಡಿದೆ. ನೀಲಿ ಐದು ಗಂಟೆ ಅಂದರೆ ನೀಲಿ ಐದು ಗಂಟೆಯೇ. ಬಾಣ ಎಲ್ಲಿ ಹೋಯಿತು ಅಂತ ಬಿಟ್ಟ ಬೆರಳಿಗೇ ಗೊತ್ತಿರಬೇಕು ಅಂತ ನಿನಗೆ ಕಲಿಸುತ್ತಿದ್ದರಲ್ಲ, ಹಾಗೆ. ಮೂರು ಭಾನುವಾರ ಒಂದೂ ತಪ್ಪಲಿಲ್ಲ. ನಾನು ಎಷ್ಟು ಸಂತೋಷಪಟ್ಟೆ ಅಂತ ಯಾರಿಗೂ ಹೇಳಲಿಲ್ಲ.

ಕಳೆದ ವಾರ "ಹಳದಿ" ಅಂದರು, ಬಾಣ ಬಿಳಿಯ ಆಚೆ ಹುಲ್ಲಿನಲ್ಲಿ ಬಿದ್ದಿತ್ತು. ಇನ್ನೊಂದಕ್ಕೂ "ಹಳದಿ" ಅಂದರು, ಅದೂ ಹುಲ್ಲಿನಲ್ಲಿ. ಬೆರಳಿಗೂ ಈಗ ಗೊತ್ತಾಗುತ್ತಿಲ್ಲ ಲೆಸ್ಯಾ. ಬಾಣ ಕೀಳಲು ಎಲ್ಲರೂ ಗುರಿಯ ಕಡೆ ನಡೆದಾಗ ನಿಮ್ಮಪ್ಪ ನಿಧಾನ, ಹಿಂದೆ ಉಳಿಯುತ್ತಾರೆ. ವಾಸಿಲ್ ಬೇಗ ಬೇಗ ಮುಂದೆ ಹೋಗಿ ಹುಲ್ಲಿನಿಂದ ಎರಡೂ ಬಾಣ ಎತ್ತಿ ಕೈಯಿಂದಲೇ ಹಳದಿಗೆ ಚುಚ್ಚಿಬಿಟ್ಟ. ನಾನು ಅವನನ್ನು ತಡೆಯಲಿಲ್ಲ. ಇವತ್ತು ಬೆಳಗ್ಗೆಯೂ ಹಾಗೇ ಮಾಡಿದ, ಹಳದಿಯ ಮೇಲೆ ಹಳದಿ ಅಂತ ಮೇಲೆ ಬರೆದದ್ದು ಅವೇ. ಇವತ್ತು ನಾನೂ ಗುರಿಯವರೆಗೆ ಹೋಗಿದ್ದೆ. ಬಿಲ್ಲಿನಿಂದ ಬಂದು ನೆಟ್ಟ ಬಾಣವಾದರೆ ಒಂದು ಕೈ ಗುರಿಗೆ ಒತ್ತಿ, ತಿರುಚಿ, ಜಗ್ಗಿ ಎಳೆಯಬೇಕು, ನಿನಗೆ ಗೊತ್ತು. ನಿಮ್ಮಪ್ಪ ಹಾಗೇ ಕೈ ಒತ್ತಿ ಎಳೆದರು. ಅದು ಎರಡು ಬೆರಳಿಗೇ ಸಲೀಸಾಗಿ ಕೈಗೆ ಬಂತು. ಸ್ವಲ್ಪ ಹೊತ್ತು ಹಿಡಿದುಕೊಂಡು ನಿಂತರು. ಮೊನೆಯಲ್ಲಿ ಮಣ್ಣಿತ್ತು, ಪ್ಯಾಂಟಿಗೆ ಒರೆಸಿಕೊಂಡರು. ವಾಸಿಲ್ ಮೋಡ ನೋಡುತ್ತಿದ್ದ. "ಹಳದಿ. ಬರ್ಕೊಳ್ಳೋ" ಅಂದರು ಅವನಿಗೆ, ಮತ್ತೆ ಸಾಲಿಗೆ ಹೋಗಿ, ಬಾಣ ಬಿಟ್ಟು, ಮುಚ್ಚಳ ಹಾಕಿದ ದುರ್ಬೀನನ್ನು ಕಣ್ಣಿಗೆ ಎತ್ತಿದರು.

ಮನೆಗೆ ಬರುವಾಗ ಕಾರಿನಲ್ಲಿ ಹೇಳಿದರು: "ನೀವಿಬ್ರೂ ಒಳ್ಳೆಯೋರು. ಲೆಸ್ಯಾ ಬರ್ಲಿ. ಅವ್ಳು ಇದ್ದಿದ್ದು ಇದ್ದ ಹಾಗೆ ಹೇಳ್ತಾಳೆ. ಅವ್ಳು ಹೇಳಿದ ದಿನ ಹೆದೆ ಬಿಚ್ಚಿಡ್ತೀನಿ." ನೀನು ಹೇಳುತ್ತೀಯ, ನನಗೆ ಗೊತ್ತು. ಬಾಣ ಹುಲ್ಲಿಗೆ ಬಿದ್ದದ್ದನ್ನು ಹಳದಿ ಅನ್ನುವುದು ನಿನಗೆ ಬರುವುದಿಲ್ಲ, ಅವರೇ ನಿನ್ನನ್ನು ಹಾಗೆ ಬೆಳೆಸಿದ್ದು. ಆದರೆ ಹೆದೆ ಬಿಚ್ಚಿಟ್ಟ ಮೇಲೆ ಆ ಕೈ ಮತ್ತೆ ಎಂದೂ ಸುಮ್ಮನಿರುವುದಿಲ್ಲ. ಗುರಿ ತಪ್ಪಿದರೆ ತಪ್ಪಲಿ, ಎಳೆದು ನಿಂತ ಅಷ್ಟು ಹೊತ್ತಾದರೂ ಅವರು ಅವರಾಗಿ ಇರಲಿ. ಬಚ್ಚಲ ಬಾಗಿಲು ತೆರೆಯಿತು. ಸೆಪ್ಟೆಂಬರಿನಲ್ಲಿ ತಪ್ಪದೆ ಬಾ, ಅವರ ಬೆನ್ನ ಹಿಂದೆ ನಿಲ್ಲು. ನಿನ್ನ ದುರ್ಬೀನು ಮಾತ್ರ ಗೋಪುರದಲ್ಲೇ ಬಿಟ್ಟು ಬಾ.